ಕಲೆತು ಕಲಿಯುವವರು ಹಿಂದುಳಿದವರೇ?

ನನ್ನ ಅಣ್ಣನ ಮಗಳು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ನರ್ಸಿಂಗ್ ಪದವಿ ಓದುತ್ತಿದ್ದಾಳೆ. ಇಂಥ ಒಬ್ಬ ಮಗಳನ್ನೋ ಸೊಸೆಯನ್ನೋ ಹೊರದೇಶಕ್ಕೆ ಕಳುಹಿಸದ ಬೀದಿ ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಅಪರೂಪ. ಕಳೆದ ತಪಸ್ಸುಕಾಲದ ಒಂದು ಭಾನುವಾರ ಮನೆಮಂದಿಯೆಲ್ಲ ಕೂಡಿದ್ದಾಗ ಅವಳ ಕರೆ ಬಂತು. ಅವಳ ದೂರು ಇದ್ದದ್ದು ತರಗತಿಯ ಮಾವೋರಿ ಹುಡುಗಿಯೊಬ್ಬಳ ಮೇಲೆ.

ಐವರ ಗುಂಪಿಗೆ ಒಂದು ವಿಷಯ ಕೊಟ್ಟು, ಮೂರು ವಾರಗಳಲ್ಲಿ ಸಿದ್ಧಪಡಿಸಿ ಮಂಡಿಸುವಂತೆ ಹೇಳಿದ್ದರು. ಅಂಕ ಐವರಿಗೂ ಒಂದೇ. ಮೊದಲ ದಿನ ಆ ಹುಡುಗಿ ಪುಸ್ತಕವನ್ನೇ ತೆರೆಯಲಿಲ್ಲವಂತೆ. ತನ್ನ ಬೆಟ್ಟ ಯಾವುದು, ತನ್ನ ನದಿ ಯಾವುದು, ಪೂರ್ವಿಕರು ಯಾರು ಎಂದು ಹೇಳಿ, ಎಲ್ಲಕ್ಕೂ ಕೊನೆಯಲ್ಲಿ ತನ್ನ ಹೆಸರು ಹೇಳಿದಳಂತೆ. ಬಳಿಕ ಉಳಿದ ನಾಲ್ವರನ್ನೂ ಅದನ್ನೇ ಕೇಳಿದಳು. ಮನೆಯಿಂದ ತಂದಿದ್ದ ತಿಂಡಿಯನ್ನು ಹಂಚಿದಳು. ಎರಡನೆಯ ವಾರ ಗುಂಪಿನ ಒಬ್ಬ ಹಿಂದೆ ಬಿದ್ದಾಗ, ತನ್ನ ಪಾಲಿನ ಕೆಲಸ ಮುಗಿದಿದ್ದರೂ ಅವನ ಪಕ್ಕ ಬಿಟ್ಟು ಏಳಲಿಲ್ಲ. ಮಂಡನೆಯ ದಿನ, ಯಾರು ಯಾವ ಭಾಗ ಬರೆದಿರೆಂದು ಅಧ್ಯಾಪಕಿ ಕೇಳಿದರೆ, ಎಲ್ಲಕ್ಕಿಂತ ಚೆನ್ನಾಗಿದ್ದ ಭಾಗ ತನ್ನದೆಂದು ಬಾಯಿಬಿಡಲಿಲ್ಲ. "ಒಳ್ಳೆಯವಳೇ ಚಿಕ್ಕಪ್ಪಾ, ಆದರೆ ಇವಳ ಜೊತೆಗಿದ್ದರೆ ನನ್ನ ಅಂಕ ಹೋಗುತ್ತದೆ" ಎಂದಳು ನಮ್ಮ ಮಗಳು.

ಅಣ್ಣ ಫೋನು ತೆಗೆದುಕೊಂಡು, "ಮುಂದಿನ ಸಲ ಬೇರೆ ಗುಂಪು ಸೇರಿಕೋ ಮಗಳೇ. ಸಾಲ ಮಾಡಿ ನಿನ್ನನ್ನು ಕಳುಹಿಸಿರುವುದು ಕಂಡವರನ್ನು ಪಾಸು ಮಾಡಿಸಲಿಕ್ಕಲ್ಲ" ಎಂದ. ಅತ್ತಿಗೆ ತಲೆದೂಗಿದರು, ಮಿಕ್ಕವರೂ ತಲೆದೂಗಿದರು. ನಾನೂ ಆಗ ಏನೂ ಅನ್ನಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಆ ಕ್ಷಣದಲ್ಲಿ ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಅಣ್ಣ ಈ ಪತ್ರಿಕೆಯ ಚಂದಾದಾರ. ಓದಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಆ ಹುಡುಗಿ ಹೊತ್ತು ಕಳೆಯುತ್ತಿರಲಿಲ್ಲ. ಅವಳು ತನ್ನ ಜನರ ವಿದ್ಯಾಪದ್ಧತಿಯ ಮೊದಲ ಪಾಠವನ್ನು ಆ ಗುಂಪಿಗೆ ಹೇಳಿಕೊಡುತ್ತಿದ್ದಳು. ನಮ್ಮವಳು ಅದನ್ನು ಪಾಠವೆಂದು ಗುರುತಿಸಲಿಲ್ಲ. ಮಾವೋರಿಗಳು ನ್ಯೂಜಿಲೆಂಡಿನ ಮೂಲನಿವಾಸಿಗಳು. ಯುರೋಪಿನವರು ಕಾಲಿಡುವುದಕ್ಕೆ ಶತಮಾನಗಳ ಮುಂಚೆಯೇ ಪೆಸಿಫಿಕ್ ದ್ವೀಪಗಳಿಂದ ದೋಣಿಗಳಲ್ಲಿ ಬಂದು ನೆಲೆಸಿದವರು. ಅವರ ಭಾಷೆಯಲ್ಲಿ ಕಲಿಯುವುದಕ್ಕೂ ಕಲಿಸುವುದಕ್ಕೂ ಇರುವುದು 'ಆಕೊ' ಎಂಬ ಒಂದೇ ಪದ. ಕನ್ನಡದಲ್ಲಿಯೂ ಕಲಿ, ಕಲಿಸು ಎರಡೂ ಒಂದೇ ಬೇರಿನಿಂದ ಬಂದವೇ; ಆದರೂ ನಾವು ಒಬ್ಬನನ್ನು ವೇದಿಕೆಯ ಮೇಲೂ ಇನ್ನೊಬ್ಬನನ್ನು ಬೆಂಚಿನ ಮೇಲೂ ಕೂರಿಸಿ ನಡುವೆ ಗೋಡೆ ಕಟ್ಟಿದೆವು. ಅವರಲ್ಲಿ 'ತುವಾಕನಾ' ಎಂದರೆ ಗಂಡುಮಗನಿಗೆ ಅಣ್ಣ, ಹೆಣ್ಣುಮಗಳಿಗೆ ಅಕ್ಕ. 'ತೇಯಿನಾ' ಎಂದರೆ ಅದೇ ರೀತಿಯಲ್ಲಿ ತಮ್ಮ ಅಥವಾ ತಂಗಿ. ಬಲ್ಲವನು ಬಾರದವನಿಗೆ ಅಣ್ಣನಾಗಿ ನಿಂತು ಕಲಿಸಬೇಕು. ಇನ್ನೊಂದು ವಿಷಯದಲ್ಲಿ ತಮ್ಮನೇ ಬಲ್ಲವನಾದರೆ ಅಣ್ಣ ಅವನ ಮುಂದೆ ಕುಳಿತು ಕಲಿಯಬೇಕು, ಅದರಲ್ಲಿ ಅಣ್ಣನಿಗೆ ಅವಮಾನವಿಲ್ಲ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹಿರಿಯ ವಿದ್ಯಾರ್ಥಿಗಳು ಮಾವೋರಿ ಹಾಗೂ ಪೆಸಿಫಿಕ್ ದ್ವೀಪಗಳ ಕಿರಿಯ ವಿದ್ಯಾರ್ಥಿಗಳ ಕಲಿಕೆಗೆ ಜೊತೆಯಾಗುವ ಕಾರ್ಯಕ್ರಮಕ್ಕೆ ಇಟ್ಟಿರುವ ಹೆಸರು ಕೂಡ 'ತುವಾಕನಾ' ಎಂದೇ.

ಇವೆಲ್ಲಕ್ಕೂ ಬುಡ 'ಫನೌಂಗಾತಂಗಾ' ಎಂಬ ಮೌಲ್ಯ. ನಂಟಸ್ತಿಕೆ ಎನ್ನಬಹುದೇನೋ, ಆದರೆ ಇದು ರಕ್ತಸಂಬಂಧದ ನಂಟು ಮಾತ್ರವಲ್ಲ, ಒಟ್ಟಿಗೆ ದುಡಿದವರ ನಡುವೆ ಬೆಳೆಯುವ ನಂಟೂ ಹೌದು. ಬೆಟ್ಟ, ನದಿ, ಪೂರ್ವಿಕರನ್ನು ಹೇಳಿಕೊಳ್ಳುವ ಆ ಪರಿಚಯದ ಕ್ರಮಕ್ಕೆ 'ಪೆಪೆಹಾ' ಎನ್ನುತ್ತಾರೆ. ನೀನು ಯಾರ ಮಗಳು, ಎಲ್ಲಿಯವಳು ಎಂದು ತಿಳಿಯದೆ ನಿನ್ನೊಡನೆ ನಾನು ಹೇಗೆ ಕಲಿಯಲಿ ಎಂಬುದು ಅದರ ಹಿಂದಿನ ಪ್ರಶ್ನೆ. ನಮ್ಮ ಅಜ್ಜಿಯರು ಮನೆಗೆ ಬಂದ ಅಪರಿಚಿತರನ್ನು ಕೇಳುತ್ತಿದ್ದದ್ದೂ ಇದನ್ನೇ ಅಲ್ಲವೇ?

ಇನ್ನು ತನ್ನ ಭಾಗ ತನ್ನದೆಂದು ಹೇಳಿಕೊಳ್ಳದ ಆ ಮೌನ. ಗೆಣಸು ತನ್ನ ಸಿಹಿಯನ್ನು ತಾನೇ ಹೇಳಿಕೊಳ್ಳುವುದಿಲ್ಲವೆಂದು ಮಾವೋರಿಗಳಲ್ಲಿ ಒಂದು ಗಾದೆಯಿದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಾವು ಹೇಳುವುದಿಲ್ಲವೇ, ಹಾಗೆ. ವ್ಯತ್ಯಾಸವೆಂದರೆ ನಾವು ಆ ಗಾದೆಯನ್ನು ಮಕ್ಕಳ ಪಠ್ಯದಲ್ಲಿ ಮಾತ್ರ ಇಟ್ಟುಕೊಂಡಿದ್ದೇವೆ. ಸಂದರ್ಶನಕ್ಕೆ ಹೊರಟ ಮಕ್ಕಳಿಗೆ, ಎಷ್ಟು ತುಳುಕಿದರೆ ಅಷ್ಟು ಒಳ್ಳೆಯದೆಂದು ಹೇಳಿ ಕಳುಹಿಸುತ್ತೇವೆ. ಬೇಸಿಗೆ ರಜೆ ಬಂತೆಂದರೆ ವ್ಯಕ್ತಿತ್ವ ವಿಕಸನ ಶಿಬಿರಗಳು ಸಾಲುಗಟ್ಟುತ್ತವೆ. ಅಲ್ಲಿ ಮಾತನಾಡುವ ಮಗುವಿಗೆ ವ್ಯಕ್ತಿತ್ವ ಉಂಟು, ಮಾತನಾಡದ ಮಗುವಿಗೆ ಇಲ್ಲ.

ಮೌನಕ್ಕೂ ಕಾರಣಗಳಿರುತ್ತವೆ ಎಂಬುದನ್ನು ವಿದ್ವಾಂಸರು ಅರಿತು ಬಹುಕಾಲವಾಯಿತು. ಅಮೆರಿಕದ ಒರೆಗಾನ್ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿನ ಮೂಲನಿವಾಸಿ ಮಕ್ಕಳ ತರಗತಿಗಳನ್ನು ಗಮನಿಸಿ ಸೂಸನ್ ಫಿಲಿಪ್ಸ್ ಎಂಬ ವಿದುಷಿ 1983ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಶಿಕ್ಷಕರು ಎಲ್ಲರ ಮುಂದೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ಆ ಮಕ್ಕಳು ಬಾಯಿಬಿಡುತ್ತಿರಲಿಲ್ಲ. ಆದರೆ ತಮ್ಮಷ್ಟಕ್ಕೆ ಗುಂಪುಗೂಡಿ ಕೆಲಸ ಮಾಡುವಾಗ, ನಾಯಕನೆಂದು ಯಾರನ್ನೂ ನೇಮಿಸದೆ, ಚುರುಕಾಗಿ ಮಾತನಾಡಿ ಮುಗಿಸುತ್ತಿದ್ದರು. ಮನೆಯಲ್ಲಿ ಅವರು ಕಲಿತದ್ದೇ ಹಾಗೆ: ಮೊದಲು ಹಿರಿಯರು ಮಾಡುವುದನ್ನು ನೋಡುವುದು, ಆಮೇಲೆ ಒಬ್ಬರೇ ಮಾಡಿ ನೋಡುವುದು, ಕೈಗೆ ಹತ್ತಿದ ಮೇಲೆ ಮಾತ್ರ ನಾಲ್ವರ ಮುಂದೆ ಮಾಡಿ ತೋರಿಸುವುದು. ಶಾಲೆಯೋ, ಬಾರದಿದ್ದರೂ ಎಲ್ಲರೆದುರು ತಪ್ಪು ಮಾಡುತ್ತಲೇ ಕಲಿ ಎನ್ನುತ್ತದೆ.

ಇದನ್ನು ನಾನು ಓದಿದ್ದು ತಡವಾಗಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನಿದ್ದ ಪದವಿ ಕಾಲೇಜಿಗೆ ಹೆಗ್ಗಡದೇವನಕೋಟೆ ಕಡೆಯ ಹಾಡಿಯಿಂದ ಜೇನುಕುರುಬರ ಹುಡುಗನೊಬ್ಬ ಬಂದು ಸೇರಿದ್ದ. ಸೆಮಿನಾರುಗಳಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿದರೆ ನೆಲ ನೋಡುತ್ತಿದ್ದ. ಆದರೆ ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ನಾಲ್ಕೈದು ಹುಡುಗರು ಅವನ ಸುತ್ತಲೇ ಕೂರುತ್ತಿದ್ದರೆಂದು ಆಮೇಲೆ ತಿಳಿಯಿತು. ಆಂತರಿಕ ಅಂಕದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ನಾನು 20ಕ್ಕೆ 8 ಬರೆದೆ. 'ಭಾಗವಹಿಸುವುದಿಲ್ಲ' ಎಂದು ಷರಾ ಹಾಕಿದೆ. ಎರಡನೆಯ ವರ್ಷಕ್ಕೆ ಅವನು ಮರಳಿ ಬರಲಿಲ್ಲ. ಬಾರದಿರುವುದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು, ಆದರೆ ನನ್ನ ಷರಾ ಆ ಕಾರಣಗಳ ಪೈಕಿ ಒಂದಲ್ಲವೆಂದು ಎದೆ ಮುಟ್ಟಿಕೊಂಡು ಹೇಳಲಾರೆ. ಹೆಜ್ಜೇನು ಇಳಿಸಲು ಮರ ಹತ್ತಿದವನ ಜೀವ ಕೆಳಗೆ ನಿಂತವರ ಕೈಯಲ್ಲಿರುತ್ತದೆ. ಅಂಥ ಕೆಲಸದ ಮನೆತನಗಳಿಂದ ಬಂದವನಿಗೆ, ಗುಂಪಿನಲ್ಲಿ ಭಾಗವಹಿಸುವುದು ಹೇಗೆಂದು ತಿಳಿಯದೆಂದು ಬರೆದ ಲೇಖನಿ ನನ್ನದು.

ಈ ಬಗೆಯ ಷರಾಗಳಿಗೆ ಮಾವೋರಿಗಳ ನಾಡಿನಲ್ಲಿ ದೀರ್ಘ ಇತಿಹಾಸವಿದೆ, ಮತ್ತು ಅದರಲ್ಲಿ ನಮ್ಮ ಕ್ರೈಸ್ತ ಶಾಲೆಗಳಿಗೂ ಪಾಲಿದೆ. ಮೊದಮೊದಲು ಧರ್ಮಪ್ರಚಾರಕರು ಮಾವೋರಿ ಭಾಷೆಯಲ್ಲೇ ಬೋಧಿಸಿದರು. ಪ್ರಾಟೆಸ್ಟೆಂಟ್ ಮಿಷನ್ನಿನವರು 1837ರಲ್ಲಿ ಹೊಸ ಒಡಂಬಡಿಕೆಯನ್ನು ಆ ಭಾಷೆಯಲ್ಲಿ ಮುದ್ರಿಸಿದ್ದರು. 1838ರಲ್ಲಿ ಹೊಕಿಯಾಂಗಕ್ಕೆ ಬಂದಿಳಿದ ಕಥೋಲಿಕ ಧರ್ಮಾಧ್ಯಕ್ಷ ಪೊಂಪಾಲಿಯೆ ಆ ಭಾಷೆಯನ್ನು ಕಲಿತು ಬೋಧಿಸಿದರು. ಆದರೆ 1847ರ ಶಿಕ್ಷಣ ಸುಗ್ರೀವಾಜ್ಞೆ ಮಿಷನ್ ಶಾಲೆಗಳಿಗೆ ಸರ್ಕಾರದ ಅನುದಾನ ಕೊಟ್ಟಿತು, ಜೊತೆಗೆ ಇಂಗ್ಲಿಷ್ ಕಲಿಸಬೇಕೆಂಬ ಷರತ್ತನ್ನೂ ಇಟ್ಟಿತು. ಅನುದಾನದ ಜೊತೆ ಷರತ್ತು ಬರುವುದು ನಮ್ಮ ಶಾಲೆಗಳ ಆಡಳಿತ ಮಂಡಳಿಗಳಿಗೆ ತಿಳಿಯದ ವಿಷಯವೇನಲ್ಲ. 1867ರ ಕಾಯಿದೆಯ ನಂತರ ಮಾವೋರಿ ಮಕ್ಕಳಿಗೆಂದೇ ಸರ್ಕಾರಿ ಶಾಲೆಗಳಾದವು. ಅಲ್ಲಿ ತಾಯ್ನುಡಿ ಆಡಿದ್ದಕ್ಕೆ ಪೆಟ್ಟು ತಿಂದವರ ನೆನಪುಗಳು ಕುಟುಂಬ ಕುಟುಂಬಗಳಲ್ಲಿ ಉಳಿದಿವೆ. 1930ರ ದಶಕದ ಆರಂಭದಲ್ಲಿ ಆ ದೇಶದ ಶಿಕ್ಷಣ ನಿರ್ದೇಶಕರೇ, ಮಾವೋರಿ ಹುಡುಗ ಒಳ್ಳೆಯ ರೈತನಾದರೆ, ಹುಡುಗಿ ರೈತನ ಒಳ್ಳೆಯ ಹೆಂಡತಿಯಾದರೆ ಸಾಕೆಂಬ ಅಭಿಪ್ರಾಯ ಕೊಟ್ಟಿದ್ದರು. ಅದಕ್ಕೆ ನಲವತ್ತು ವರ್ಷಗಳ ಹಿಂದೆಯೇ, 1893ರಲ್ಲಿ, ಅಪಿರಾನಾ ನ್ಗಾಟಾ ಎಂಬ ಮಾವೋರಿ ತರುಣ ಪದವೀಧರನಾಗಿದ್ದ ಎಂಬುದನ್ನು ಆ ನಿರ್ದೇಶಕರಿಗೆ ಯಾರು ನೆನಪಿಸಬೇಕಿತ್ತೋ!

ಕೆನಡಾದ ಕಥೆ ಇದಕ್ಕಿಂತ ಘೋರ. ಅಲ್ಲಿ ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಇಟ್ಟ ವಸತಿಶಾಲೆಗಳನ್ನು ಸರ್ಕಾರದ ಪರವಾಗಿ ನಡೆಸಿದ್ದು ಚರ್ಚುಗಳೇ. 2022ರ ಜುಲೈ 25ರಂದು ದಿವಂಗತ ಪೋಪ್ ಫ್ರಾನ್ಸಿಸರು ಅಲ್ಲಿನ ಮಾಸ್ಕ್ವಾಚಿಸ್‌ನಲ್ಲಿ ಆ ಜನರ ಮುಂದೆ ನಿಂತು ಕ್ಷಮೆ ಕೇಳಿದರು. ಜಗದ್ಗುರುಗಳು ಕ್ಷಮೆ ಕೇಳಿದ ತಪ್ಪಿನ ಚಿಕ್ಕ ರೂಪವನ್ನು ನಾವು ನಮ್ಮ ಊಟದ ಮೇಜಿನ ಬಳಿ, ಫೋನಿನಲ್ಲಿ, ಮಗಳಿಗೆ ಬುದ್ಧಿಮಾತಾಗಿ ಹೇಳಬಾರದೆಂಬುದು ನನ್ನ ವಾದ.

ಕಳೆದುಹೋಗುತ್ತಿದ್ದುದನ್ನು ಮರಳಿ ತಂದವರಲ್ಲಿ ವಿದ್ಯಾರ್ಥಿಗಳೇ ಮುಂದಿದ್ದರು. 1972ರ ಸೆಪ್ಟೆಂಬರಿನಲ್ಲಿ ಮಾವೋರಿ ಭಾಷೆಯನ್ನು ಶಾಲೆಗಳಲ್ಲಿ ಕಲಿಸಬೇಕೆಂದು 30,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಸಂಸತ್ತಿಗೆ ಒಯ್ದ ಸಂಘಟನೆಗಳು ಆಕ್ಲೆಂಡ್ ಮತ್ತು ವೆಲಿಂಗ್ಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಬೇರು ಬಿಟ್ಟಿದ್ದವು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. 1986ರಲ್ಲಿ ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಆವರಣದಲ್ಲೇ 'ಮರಾಯೆ', ಅಂದರೆ ಮಾವೋರಿಗಳ ಕೂಟಮನೆ, ತೆರೆಯಿತು.

ನರ್ಸಿಂಗ್ ಓದುವ ಮಕ್ಕಳಿರುವ ಮನೆಗಳು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಬೇರೊಂದಿದೆ. 1988ರಲ್ಲಿ ಕ್ರೈಸ್ಟ್‌ಚರ್ಚ್ ನಗರದಲ್ಲಿ ನರ್ಸಿಂಗ್ ಶಿಕ್ಷಣದ ಬಗ್ಗೆ ಮಾವೋರಿಗಳ ಸಭೆಯೊಂದು ಸೇರಿತ್ತು. ಕಾನೂನಿನ ಸುರಕ್ಷತೆ, ನೀತಿಯ ಸುರಕ್ಷತೆ, ಚಿಕಿತ್ಸೆಯ ಸುರಕ್ಷತೆ ಎಂದೆಲ್ಲ ಹಿರಿಯರು ಹೇಳುತ್ತಿದ್ದಾಗ ಮೊದಲ ವರ್ಷದ ಮಾವೋರಿ ವಿದ್ಯಾರ್ಥಿನಿಯೊಬ್ಬಳು ಎದ್ದು, ಸಂಸ್ಕೃತಿಯ ಸುರಕ್ಷತೆಯ ಗತಿಯೇನು ಎಂದು ಕೇಳಿದಳು. ನೂರಾರು ಜನರ ತರಗತಿಯಲ್ಲಿ ನೆಲ ನೋಡಬಹುದಾಗಿದ್ದವಳು, ತನ್ನವರ ಕೂಟದಲ್ಲಿ, ಕೇಳುವ ಕಿವಿಗಳಿದ್ದಲ್ಲಿ, ಆ ಪ್ರಶ್ನೆ ಕೇಳಿದಳು. ಇರಿಹಾಪೆಟಿ ರಾಮ್ಸ್‌ಡೆನ್ ಎಂಬ ಮಾವೋರಿ ನರ್ಸ್ ಆ ಪ್ರಶ್ನೆಯನ್ನು ಎತ್ತಿಕೊಂಡು ಒಂದು ವಿಚಾರವಾಗಿ ಬೆಳೆಸಿದರು. ಆರೈಕೆ ಸುರಕ್ಷಿತವೇ ಅಲ್ಲವೇ ಎಂದು ತೀರ್ಮಾನಿಸುವ ಅಧಿಕಾರ ಆರೈಕೆ ಪಡೆದವರದು, ಕೊಟ್ಟವರದಲ್ಲ ಎಂಬುದು ಅದರ ತಿರುಳು. 1992ರಲ್ಲಿ ಆ ದೇಶದ ನರ್ಸಿಂಗ್ ಕೌನ್ಸಿಲ್ ಅದನ್ನು ನರ್ಸಿಂಗ್ ಶಿಕ್ಷಣದ ಕಡ್ಡಾಯ ಭಾಗವಾಗಿಸಿತು. ಪತ್ರಿಕೆಗಳಲ್ಲಿ ಗುಲ್ಲೆದ್ದಿತು, ಸಂಸತ್ತಿನ ಸಮಿತಿಯೂ ವಿಚಾರಣೆ ನಡೆಸಿತು; ಆದರೂ ಅದು ಉಳಿಯಿತು, ಇತರ ದೇಶಗಳಿಗೂ ಹೋಯಿತು. ನಮ್ಮ ಮಗಳು ಕಲಿಯುತ್ತಿರುವ ಪಠ್ಯದ ಒಂದು ಪಾಠ ಹುಟ್ಟಿದ್ದು ಹೀಗೆ, ಅವಳ ಗುಂಪಿನಲ್ಲಿರುವಂಥದೇ ಒಬ್ಬ ಹುಡುಗಿಯ ಬಾಯಿಂದ. ಆ ಗುಂಪನ್ನು ಬಿಟ್ಟು ಬಾ ಎಂದು ನಾವು ಹೇಳಿದೆವು.

ಎದುರು ವಾದಗಳು ನನಗೆ ತಿಳಿದಿವೆ. ಇದೆಲ್ಲ 'ಗುಂಪಿನಲ್ಲಿ ಗೋವಿಂದ' ಆಗುವುದಿಲ್ಲವೇ, ಒಬ್ಬ ದುಡಿದು ನಾಲ್ವರು ಉಂಡು ಹೋಗುವುದಿಲ್ಲವೇ ಎಂದು ಅಣ್ಣನೇ ಕೇಳುತ್ತಾನೆ. ಆಗುತ್ತದೆ, ಈಗ ನಡೆಯುತ್ತಿರುವ ಗುಂಪು ಚಟುವಟಿಕೆಗಳಲ್ಲಿ ಅದೇ ಆಗುತ್ತಿದೆ. ಏಕೆಂದರೆ ನಾವು ಕೆಲಸವನ್ನು ಐದು ತುಂಡು ಮಾಡಿ, ಐವರು ಐದು ಕೋಣೆಗಳಲ್ಲಿ ಬರೆದು, ಹಿಂದಿನ ರಾತ್ರಿ ಅಂಟಿಸುವುದನ್ನು ಸಹಕಾರ ಎಂದು ಕರೆಯುತ್ತಿದ್ದೇವೆ. ಮಂಡನೆಯ ದಿನ ಗುಂಪಿನ ಯಾರನ್ನು ಬೇಕಾದರೂ ಎಬ್ಬಿಸಿ ಯಾವ ಭಾಗವನ್ನು ಬೇಕಾದರೂ ಕೇಳುತ್ತೇನೆಂದು ಅಧ್ಯಾಪಕರು ಮೊದಲೇ ಹೇಳಲಿ. ಮುಂದಿದ್ದವನು ಹಿಂದಿದ್ದವನ ಪಕ್ಕದಲ್ಲಿ ತಾನಾಗಿ ಹೋಗಿ ಕೂರುತ್ತಾನೆ. ಆಗ ಉಂಡು ಹೋಗುವವನಿಗೆ ಜಾಗವಿಲ್ಲ. ಸಾಮಾನ್ಯ ಹುಡುಗರು ಅಂಕದ ಹೆದರಿಕೆಯಿಂದ ಮಾಡುವುದನ್ನು ಆ ಮಾವೋರಿ ಹುಡುಗಿ ಯಾರೂ ಹೇಳದೆಯೇ ಮಾಡಿದಳು.

ಔಷಧದ ಪ್ರಮಾಣ ಪ್ರತಿಯೊಬ್ಬ ನರ್ಸಿಗೂ ಸ್ವಂತ ತಲೆಯಲ್ಲಿ ತಿಳಿದಿರಬೇಡವೇ ಎಂದರೆ, ಖಂಡಿತ ಬೇಕು. ಅದಕ್ಕೆ ಪ್ರತ್ಯೇಕ ಪರೀಕ್ಷೆ ಇರಲಿ, ಕಠಿಣವಾಗಿಯೇ ಇರಲಿ. ಆದರೆ ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ರೋಗಿಯನ್ನು ಒಪ್ಪಿಸಿ ಹೋಗುತ್ತಾರಲ್ಲ, ಆ ಹೊತ್ತಿನಲ್ಲಿ ತನಗೆ ತಿಳಿಯದ್ದನ್ನು ತಿಳಿಯದು ಎನ್ನಲು ನಾಚುವ ರ್‍ಯಾಂಕ್ ವಿಜೇತೆಯ ಕೈಗೆ ನನ್ನನ್ನು ಒಪ್ಪಿಸಬೇಡಿ.

ಇನ್ನು ಕೆಲವರಿಗೆ ಇದು ಪ್ರತ್ಯೇಕತೆಯಾಗಿ ಕಾಣುತ್ತದೆ. 2024ರ ಮಾರ್ಚಿಯಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಮಾವೋರಿ ಮತ್ತು ಪೆಸಿಫಿಕ್ ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟ ಜಾಗದ ಫಲಕವೊಂದು ದೊಡ್ಡ ರಾಜಕೀಯ ವಿವಾದವಾಯಿತು. ಎಲ್ಲರಿಗೂ ಒಂದೇ ಜಾಗ ಏಕಿರಬಾರದು ಎಂದರು. ಉಳಿದ ವಿಶ್ವವಿದ್ಯಾಲಯವೆಲ್ಲ ಯಾರ ರೀತಿನೀತಿಯಂತೆ ನಡೆಯುತ್ತಿದೆ, ಅದರ ಮೇಲೆ ಫಲಕ ಏಕಿಲ್ಲ ಎಂದು ಕೇಳಿದವರು ಕಡಿಮೆ. ಸ್ವಂತ ಮನೆಯಲ್ಲಿ ಕುಳಿತವನಿಗೆ ತನ್ನ ಮನೆಯ ವಾಸನೆ ತಿಳಿಯುವುದಿಲ್ಲ.

ನನ್ನ ಪಕ್ಷದವರಿಗೂ ಒಂದು ಮಾತು ಹೇಳಬೇಕು. ಈ ಮೌಲ್ಯಗಳನ್ನು ಹೊಗಳುವವರೆಲ್ಲ ಅವಕ್ಕೆ ಹಿತವರಲ್ಲ. ಗುಂಪಿನಲ್ಲಿ ಒಬ್ಬ ಮಾವೋರಿ ವಿದ್ಯಾರ್ಥಿ ಇದ್ದರೆ, 1840ರ ವೈಟಾಂಗಿ ಒಪ್ಪಂದದ ಭಾಗವನ್ನು ನೀನೇ ಬರೆ, ಪ್ರಾರ್ಥನೆಯನ್ನು ನೀನೇ ಹೇಳು ಎಂದು ಅವರ ತಲೆಗೇ ಕಟ್ಟಿ ಉಳಿದವರು ಕೈತೊಳೆದುಕೊಳ್ಳುವುದು ಅಲ್ಲಿ ಸಾಮಾನ್ಯ ದೂರು. ಒಂದು ಜನಾಂಗದ ಅಷ್ಟೂ ಜ್ಞಾನಕ್ಕೆ ಹತ್ತೊಂಬತ್ತು ವರ್ಷದ ಮಗುವನ್ನು ಜವಾಬ್ದಾರಳನ್ನಾಗಿಸುವುದು ಗೌರವವಲ್ಲ, ಹೊರೆ. ಬಹುಪಾಲು ಮಾವೋರಿಗಳು ಈಗ ಪಟ್ಟಣವಾಸಿಗಳು. ಮರಾಯೆಯಲ್ಲಿ ಬೆಳೆಯದವರು, ಅಜ್ಜಿಯ ಭಾಷೆ ಬಾರದವರು ಅವರಲ್ಲೂ ಎಷ್ಟೋ ಮಂದಿ. ಅವರು ಇತರರಂತೆಯೇ ಪೈಪೋಟಿಗಾರರಾಗಿದ್ದರೆ ಅದು ಅವರ ತಪ್ಪಲ್ಲ.

ಇಲ್ಲಿಗೆ ಬರೋಣ. ಪ್ರತಿ ಜೂನಿನಲ್ಲಿ ನಮ್ಮ ಧರ್ಮಕೇಂದ್ರದಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಶೇಕಡಾ 90 ದಾಟಿದವರಿಗೆ ಶಾಲು, ಸ್ಮರಣಿಕೆ, ಗುರುಗಳ ಆಶೀರ್ವಾದ. ಅದು ಬೇಡವೆಂದಲ್ಲ. ಆದರೆ ತಾನು 65 ತೆಗೆದು, ಫೇಲಾಗಲಿದ್ದ ಮೂವರನ್ನು ದಡ ಹತ್ತಿಸಿದ ಹುಡುಗಿಯನ್ನು ಆ ವೇದಿಕೆ ಎಂದಾದರೂ ಕರೆದಿದೆಯೇ? ಅವಳು ತಾನಾಗಿ ಬಂದು ಹೇಳಿಕೊಳ್ಳುವವಳಲ್ಲ, ದಡ ಹತ್ತಿದ ಆ ಮೂವರನ್ನೇ ನಾವು ಕೇಳಿ ತಿಳಿಯಬೇಕು. ಮುಂದಿನ ಜೂನಿಗೆ ಪಾಲನಾ ಸಮಿತಿಯ ಮುಂದೆ ಈ ಸೂಚನೆ ಇಡುವವನಿದ್ದೇನೆ. ಬೆಂಬಲಿಸುವವರು ಈಗಲೇ ಸಿದ್ಧರಾಗಿರಿ, ವಿರೋಧಿಸುವವರೂ ಸಹ.

ನಮ್ಮ ಮಗಳು ಗುಂಪು ಬದಲಿಸಲಿಲ್ಲ ಎಂದು ಮೊನ್ನೆ ತಿಳಿಯಿತು. ಬದಲಿಗೆ ಅವಳು ಅಪ್ಪನಿಗೆ ಒಂದು ಪ್ರಶ್ನೆ ಕಳುಹಿಸಿದ್ದಾಳೆ: ನಮ್ಮ ನದಿ ಯಾವುದು? ಬೆಂಗಳೂರಿನಲ್ಲಿ ಹುಟ್ಟಿದವಳಿಗೆ ನಲ್ಲಿಯ ನೀರಲ್ಲದೆ ಬೇರೆ ನದಿ ಏನಿದೆ ಎಂದು ಅಣ್ಣ ಮೊದಲು ನಕ್ಕ. ಆಮೇಲೆ ನನಗೆ ಫೋನು ಮಾಡಿದ. ನಮ್ಮ ತಾತನ ಹೊಲ ಹೇಮಾವತಿಯ ದಡದಲ್ಲಿ, ಶೆಟ್ಟಿಹಳ್ಳಿ ಚರ್ಚಿನ ಆಸುಪಾಸಿನಲ್ಲಿತ್ತು. ಗೊರೂರಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಹೋಯಿತು. ಚರ್ಚಿನ ಗೋಡೆಗಳು ಬೇಸಿಗೆಯಲ್ಲಿ ಮಾತ್ರ ನೀರಿನಿಂದ ಪೂರ್ತಿ ಮೇಲೆ ಬರುತ್ತವೆ. ತಾತನ ತಂದೆಯ ಹೆಸರು ಅಣ್ಣನಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ. ಹಾಸನದಲ್ಲಿರುವ ನಮ್ಮ ಸೋದರತ್ತೆಗೆ ತೊಂಬತ್ತೊಂದು ವರ್ಷ. ಬರುವ ಶನಿವಾರ ಇಬ್ಬರೂ ಅವರನ್ನು ಕೇಳಲು ಹೋಗುತ್ತಿದ್ದೇವೆ.